ಟ್ಯಾಂಕಿನ ಮೇಲೆ ಕೂತ ತಾಯಿ

ಅತ್ತೆಯ ಮನೆಯಲ್ಲಿ ಅಳಿಯನೊಬ್ಬನೇ ಇದ್ದರೆ ಒಂದು ಮಾತು, ಜೊತೆಗೆ ಅವನ ಮುರುಕು ಬೈಕೂ ಇದ್ದರೆ ಹತ್ತು ಮಾತು. ಎವೆಲಿಯೊ ಎಷ್ಟೋ ವರ್ಷಗಳಿಂದ ಮೊದಲನೆಯದನ್ನು ಕೇಳಿಕೊಂಡು ಬಂದವನು. ಈಚೆಗೆ ಹತ್ತನ್ನೂ ಕೇಳುತ್ತಿದ್ದ.

ಬೈಕು ಇದ್ದದ್ದು ನಡುಮನೆಯಲ್ಲಿ. ಅದೇನೂ ತಪ್ಪಲ್ಲ. ಸಾಂತಾ ರೀತಾ ಊರಿನಲ್ಲಿ ಬೈಕನ್ನು ಬೀದಿಗೆ ಬಿಟ್ಟು ಮಲಗುವ ಧೈರ್ಯವಂತರು ಯಾರೂ ಇಲ್ಲ. ಎಲ್ಲರ ಬೈಕೂ ರಾತ್ರಿ ಸೋಫಾದ ಪಕ್ಕದಲ್ಲೇ ಮಲಗುತ್ತದೆ. ಆದರೆ ಉಳಿದವರ ಬೈಕು ಬೆಳಗಾದರೆ ಎದ್ದು ಹೊರಗೆ ಹೋಗುತ್ತದೆ. ಎವೆಲಿಯೊನದು ಏಳುತ್ತಲೇ ಇರಲಿಲ್ಲ. ಒಂದು ಕಾಲಕ್ಕೆ ಅದು ಹುಡುಗರ ನಿದ್ದೆ ಕೆಡಿಸಿದ್ದ ರೇಸಿನ ಗಾಡಿ: ಎರಡು ಸಿಲಿಂಡರು, ಟೂ ಸ್ಟ್ರೋಕು, ಕಿವಿ ಕಿತ್ತುಹೋಗುವ ಸದ್ದು. ಎವೆಲಿಯೊ ಅದನ್ನು ಒಬ್ಬ ಕಾಫಿ ತೋಟದವನ ಕೋಳಿಗೂಡಿನಿಂದ ಗೋಣಿಚೀಲಗಳಲ್ಲಿ ತುಂಬಿಕೊಂಡು ಬಂದಿದ್ದ. ಒಂದು ಚೀಲದ ತುಂಬ ಎಂಜಿನ್ನು, ಇನ್ನೊಂದರಲ್ಲಿ ಬಿಡಿಭಾಗ, ಮತ್ತೊಂದರಲ್ಲಿ ಕೋಳಿಗೊಬ್ಬರವೇ ಜಾಸ್ತಿ. ಹಗಲೆಲ್ಲ ಹಳ್ಳಿಗಳಿಗೆ ಬಾಡಿಗೆ ಜೀಪು ಓಡಿಸುವುದು, ಸಂಜೆ ಬಂದು ನಡುಮನೆಯಲ್ಲಿ ಹಳೆಯ ಚಾದರ ಹಾಸಿ ಸ್ಪ್ಯಾನರ್ ಹಿಡಿಯುವುದು, ಇದೇ ಅವನ ಬದುಕಾಗಿಬಿಟ್ಟಿತ್ತು.

ಮನೆಯ ಯಜಮಾನಿ ಅವನ ಅತ್ತೆ ಬೆತ್ಸಾಬೆ. ಎಪ್ಪತ್ತು ದಾಟಿದ ವಿಧವೆ, ತೀರಿಹೋದ ಗಂಡ ಲಾರಿ ಡ್ರೈವರು. ಅವಳ ನಾಲಿಗೆಗೆ ಬ್ರೇಕು ಹಾಕುವ ಮೆಕ್ಯಾನಿಕ್ ಇನ್ನೂ ಹುಟ್ಟಿರಲಿಲ್ಲ.

"ಹುರುಳಿಕಾಯಿ ಸಾರಿನಲ್ಲಿ ಪೆಟ್ರೋಲ್ ವಾಸ್ನೆ, ಹಾಸಿಗೇಲಿ ಪೆಟ್ರೋಲ್ ವಾಸ್ನೆ," ಎಂದು ಅವಳು ಮಗಳು ಮಾರ್ಲೆನಿಗೆ ಕೇಳಿಸುವಂತೆ ಅಳಿಯನಿಗೆ ಹೇಳಿದಳು. "ನಾಳೆ ನಾನು ಸತ್ರೆ ಮೇಣದಬತ್ತಿ ಹಚ್ಚಬೇಡಿ ಕಣ್ರೇ. ಮನೆನೇ ಹಾರಿಹೋಗುತ್ತೆ."

"ಇನ್ನೇನು ಓಡುತ್ತೆ ಅತ್ತೆ. ಸ್ವಲ್ಪ ತಡ್ಕೊಳ್ಳಿ."

"ಓಡುತ್ತಾ? ಹಾಗಾದ್ರೆ ಕಾರ್ಮೆನ್ ತಾಯಿ ಹಬ್ಬಕ್ಕೆ ನನ್ನ ಕೂರಿಸ್ಕೊಂಡು ಗುಡ್ಡದ ಇಗರ್ಜಿ ತನಕ ಓಡ್ಲಿ. ದಾರೀಲಿ ಎಲ್ಲಾದ್ರೂ ಕೆಟ್ಟು ನಿಂತ್ರೆ ಅಲ್ಲಿಂದಲೇ ಗುಜರಿಗೆ. ಒಪ್ಪಿಗೆನಾ?"

"ಅಮ್ಮಾ, ನಿನ್ ವಯಸ್ಸೇನು, ಬೈಕ್ ಹತ್ತೋದೇನು!" ಎಂದು ಮಾರ್ಲೆನಿ ಅಡುಗೆಮನೆಯಿಂದ ಕೂಗಿದಳು.

"ಅದಕ್ಕೂ ವಯಸ್ಸಾಗಿದೆಯಲ್ಲ. ನಾವಿಬ್ರೂ ಹೊಂದ್ಕೊಂಡು ಹೋಗ್ತೀವಿ ಬಿಡು."

ಎವೆಲಿಯೊ ಒಪ್ಪಿದ. ಒಪ್ಪದೆ ಬೇರೆ ದಾರಿ ಎಲ್ಲಿತ್ತು? ಕಾರ್ಮೆನ್ ತಾಯಿ ಎಂದರೆ ದೇವಮಾತೆ, ಊರಿನ ಎಲ್ಲ ಡ್ರೈವರುಗಳನ್ನು ಕಾಯುವ ತಾಯಿ. ಹಬ್ಬದ ದಿನ ಲಾರಿ, ಜೀಪು, ಬೈಕು ಎಲ್ಲ ಬಲೂನು ಕಟ್ಟಿಕೊಂಡು ಹಾರ್ನ್ ಬಾರಿಸುತ್ತಾ ಗುಡ್ಡ ಹತ್ತುತ್ತವೆ. ಮೇಲೆ ಪಾದ್ರಿಗಳು ತೀರ್ಥ ಎರಚುತ್ತಾರೆ. ಗಂಡ ಬದುಕಿರುವ ತನಕ ಬೆತ್ಸಾಬೆ ಅವನ ಲಾರಿಯ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಹೋಗುತ್ತಿದ್ದಳು. ಅವನು ಹೋದ ಮೇಲೆ ಪ್ರತಿ ವರ್ಷವೂ ಯಾರದೋ ಗಾಡಿಯಲ್ಲಿ, ಯಾರದೋ ಮೊಣಕೈಗೆ ಒತ್ತಿಕೊಂಡು ಹೋಗಿ ಬರುತ್ತಿದ್ದಳು.

ಹಬ್ಬ ಹತ್ತಿರ ಬಂದಾಗ ಪವಾಡ ನಡೆಯಿತು. ಒಂದು ಶನಿವಾರ ಗಾಡಿ ಶುರುವಾಯಿತು. ಎವೆಲಿಯೊ ನೀಲಿ ಹೊಗೆ ಬಿಡುತ್ತಾ ಊರಿನ ಚೌಕವನ್ನು ಸುತ್ತಿದ್ದೇ ಸುತ್ತಿದ್ದು. ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಎದ್ದು ನಿಂತರು. ಪಕ್ಕದ ಮನೆಯ ಎರ್ಮಿನ್ಸುಲ್ ಮಾತ್ರ ತನ್ನ ಹೊಚ್ಚ ಹೊಸ ಸ್ಕೂಟರನ್ನು ಒರೆಸುತ್ತಾ, "ಬೆಂಕಿ ಎಲ್ಲಿ ಬಿತ್ತು ಮಾರಾಯ?" ಎಂದು ಕೇಳಿದ.

ಎವೆಲಿಯೊ ಮದುಮಗನ ಹಾಗೆ ಮನೆಗೆ ಬಂದು, ಉಂಡು, ಗಡದ್ದಾಗಿ ಮಲಗಿದ. ಎದ್ದು ನೋಡಿದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಕಾರ್ಮೆನ್ ತಾಯಿ ಕೂತಿದ್ದಳು. ಅಂಗೈಯಗಲದ ಹಿತ್ತಾಳೆಯ ಬಿಲ್ಲೆ, ತೋಳಲ್ಲಿ ಮಗು, ಸುತ್ತ ಮಿಂಚುವ ಕಿರಣಗಳು. ಒಡೆದ ಪಾತ್ರೆಗೆ ಹಚ್ಚುವ ಅಂಟಿನಿಂದ ಅತ್ತೆ ಅದನ್ನು ಕೂರಿಸಿದ್ದಳು. ಆ ಅಂಟು ಹಿಡಿದರೆ ಮುರಿದ ಸಂಬಂಧಗಳೂ ಕೂಡಿಕೊಳ್ಳಬೇಕು, ಅಷ್ಟು ಗಟ್ಟಿ.

"ತಾಯಿ ಇಲ್ಲದ ಗಾಡೀನ ನಾನು ಹತ್ತೋದಿಲ್ಲ," ಎಂದಳು ಅತ್ತೆ. ಮಾತು ಮುಗಿಯಿತು.

ಸೋಮವಾರದಿಂದ ಗಾಡಿಗೆ ಗ್ರಹಚಾರ ಹಿಡಿಯಿತು. ಒಂದು ಕಿಕ್ಕಿಗೆ ಶುರುವಾಗುವುದು, ನಾಲ್ಕು ಬೀದಿ ಚೆನ್ನಾಗಿ ಓಡುವುದು, ಆಮೇಲೆ ಬಿಕ್ಕಳಿಸುತ್ತಾ ಬಿಕ್ಕಳಿಸುತ್ತಾ ಸತ್ತು ನಿಲ್ಲುವುದು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದವರಂತೆ ಮತ್ತೆ ಎದ್ದು ಓಡುವುದು. ಎವೆಲಿಯೊ ಪ್ಲಗ್ಗು ಬದಲಿಸಿದ. ಕಾರ್ಬುರೇಟರ್ ಬಿಚ್ಚಿ, ಅದರ ಸಣ್ಣ ತೂತುಗಳನ್ನೆಲ್ಲ ಹೆಂಡತಿಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಮಾರ್ಲೆನಿಯಿಂದ ಬೈಸಿಕೊಂಡ. ಬಿಸಿಯಾದಾಗ ಕಿಡಿ ಹೊತ್ತಿಸುವ ಕಾಯಿಲ್ ಕೈಕೊಡುತ್ತಿರಬಹುದೆಂದು ಅದನ್ನೂ ಬದಲಿಸಿದ. ಪೆಟ್ರೋಲಿನ ಪೈಪು ಊದಿದ, ಫಿಲ್ಟರ್ ಬಿಸಾಕಿದ. ಎರ್ಮಿನ್ಸುಲ್ ಬೇಲಿಯಾಚೆಯಿಂದ, "ಬೆತ್ಸಾಬೆ ಅಮ್ಮನೋರಿಗೆ ನನ್ನ ಸ್ಕೂಟರ್ ಹಿಂದಿನ ಸೀಟು ಖಾಲಿ ಇಟ್ಟಿದ್ದೀನಿ, ಹೇಳ್ಬಿಡು," ಎಂದು ಗಾಯಕ್ಕೆ ಉಪ್ಪು ಸವರಿದ.

ಗಾಡಿ ಗುಜರಿಗೆ ಹೋದರೆ ಹೋಗಲಿ ಎಂದು ಮನಸ್ಸಿಗೆ ಎಷ್ಟು ಹೇಳಿಕೊಂಡರೂ ಎವೆಲಿಯೊನ ಜೀವ ಒಪ್ಪಲಿಲ್ಲ. ಎಲ್ಲವನ್ನೂ ಅರ್ಧಕ್ಕೆ ಕೈಬಿಟ್ಟವನು ಎಂದು ಅತ್ತೆಯ ಕಣ್ಣಲ್ಲಿ ಬರೆದಿರುತ್ತಿತ್ತು. ಒಂದೇ ಒಂದು ಕೆಲಸ ಪೂರ್ತಿ ಮಾಡಿ ಆ ಬರಹವನ್ನು ಅಳಿಸಬೇಕೆಂದು ಅವನಿಗೆ ಆಸೆಯಿತ್ತು.

ಹಬ್ಬದ ಬೆಳಗ್ಗೆ ಅತ್ತೆ ಕಂದು ಬಣ್ಣದ ಹೊಸ ಉಡುಪು ತೊಟ್ಟು, ಹೆಲ್ಮೆಟನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಎವೆಲಿಯೊ ಗಾಡಿಯನ್ನು ಬಿಸಿಮಾಡಲು ಹೊರಟ. ಮೂಲೆ ತಿರುಗಿ ಮುಂದಿನ ಬೀದಿ ಮುಟ್ಟುವಷ್ಟರಲ್ಲಿ ಅದು ಬಿಕ್ಕಳಿಸಿ ಸತ್ತಿತು. ಪೆಟ್ರೋಲಾದರೂ ಇದೆಯೇ ನೋಡೋಣವೆಂದು ಮುಚ್ಚಳವನ್ನು ಒತ್ತಿ ತಿರುಗಿಸಿ ತೆಗೆದ. ಟ್ಯಾಂಕು ಸುಸ್ಸ್ ಎಂದು ಉದ್ದಕ್ಕೆ ಗಾಳಿ ಎಳೆದುಕೊಂಡಿತು. ಕಿಕ್ ಹೊಡೆದ. ಎಂಜಿನ್ ಗುಡುಗಿತು.

ಎವೆಲಿಯೊ ಮುಚ್ಚಳವನ್ನು ತಲೆಕೆಳಗು ಮಾಡಿ ನೋಡಿದ. ನಡುವೆ ಸೂಜಿಮೊನೆಯಷ್ಟು ತೂತು. ಮಂದಹಾಲಿನ ಡಬ್ಬಿಗೆ ಒಂದೇ ತೂತು ಕೊರೆದರೆ ಹಾಲು ಸುರಿಯುವುದಿಲ್ಲ, ಗಾಳಿಗೆ ಇನ್ನೊಂದು ತೂತು ಬೇಕು. ಟ್ಯಾಂಕಿನದೂ ಅದೇ ನ್ಯಾಯ. ಆ ತೂತಿನ ಮೇಲೆ ಸರಿಯಾಗಿ ತಾಯಿ ಮಗುವಿನ ಸಮೇತ ಕೂತಿದ್ದಳು. ಮೆಕ್ಯಾನಿಕ್ ಆದವನು ಪ್ಲಗ್ಗಿನ ಮೇಲೆ ಅನುಮಾನ ಪಡುತ್ತಾನೆ, ಕಾಯಿಲಿನ ಮೇಲೆ ಪಡುತ್ತಾನೆ, ಪೆಟ್ರೋಲ್ ಬಂಕಿನವನ ಏಳು ತಲೆಮಾರಿನ ಮೇಲೆ ಪಡುತ್ತಾನೆ. ದೇವಮಾತೆಯ ಮೇಲೆ ಯಾವನು ಪಡುತ್ತಾನೆ?

ಈಗೇನು ಮಾಡುವುದು? ಬಿಲ್ಲೆ ಕೀಳಬೇಕೆಂದರೆ ಉಳಿ ಬೇಕು, ಸುತ್ತಿಗೆ ಬೇಕು. ಹಬ್ಬದ ದಿನ, ಅತ್ತೆಯ ಎದುರು, ತಾಯಿಯ ಮುಖಕ್ಕೆ ಉಳಿ ಹಚ್ಚುವುದೆಂದರೆ ಸೂಟ್‌ಕೇಸ್ ಕಟ್ಟಿಟ್ಟುಕೊಂಡೇ ಹಚ್ಚಬೇಕು. ಮುಚ್ಚಳವನ್ನು ಸಡಿಲ ಬಿಡೋಣವೆಂದರೆ ಅದು ಕೂತರೆ ಬಿಗಿಯಾಗಿ ಕೂರುತ್ತದೆ, ಇಲ್ಲವಾದರೆ ಎಗರಿ ಬೀಳುತ್ತದೆ. ಅಷ್ಟರಲ್ಲಿ ಅತ್ತೆಯ ಕೂಗು ಕೇಳಿಸಿತು: "ಬರ್ತೀಯೋ, ಸ್ಕೂಟರ್ ಹತ್ಲೋ?"

ಅವನು ಗಾಡಿಯನ್ನು ಬಾಗಿಲಿಗೆ ತಂದ. ಅತ್ತೆ ಹತ್ತಿ ಕೂತಳು. ಅಳಿಯನ ಮೈ ಮುಟ್ಟದೆ, ಹಿಂದಿನ ಕಂಬಿ ಹಿಡಿದು, ನಡುವೆ ಒಂದು ಬೈಬಲ್ ಹಿಡಿಸುವಷ್ಟು ಜಾಗ ಬಿಟ್ಟಳು. ಮೆರವಣಿಗೆ ಹೊರಟಿತು.

ಬ್ರೆಡ್ಡಿನಂಗಡಿಯ ಹತ್ತಿರ ಎಂಜಿನ್ ಮೊದಲ ಬಿಕ್ಕಳಿಕೆ ಹಾಕಿತು. ಅಲ್ಲೊಂದು ಗೋಡೆಗೂಡಿನಲ್ಲಿ ತಾಯಿಯ ಪುಟ್ಟ ವಿಗ್ರಹವಿತ್ತು. ಎವೆಲಿಯೊನಿಗೆ ಬುದ್ಧಿ ಹೊಳೆಯಿತು. ಗಾಡಿ ನಿಲ್ಲಿಸಿ, ಶಿಲುಬೆಯ ಗುರುತು ಹಾಕಿಕೊಂಡು, ಮುಚ್ಚಳ ತೆಗೆದು ಬಿಲ್ಲೆಗೆ ಮುತ್ತಿಟ್ಟ. ಟ್ಯಾಂಕು ಸುಸ್ಸ್ ಎಂದಿತು. ಮುಚ್ಚಳ ಹಾಕಿದ.

"ಏನಿದು?" ಎಂದಳು ಅತ್ತೆ.

"ಹರಕೆ ಅತ್ತೆ. ದಾರಿ ಉದ್ದಕ್ಕೂ ತಾಯಿಗೆ ಮುತ್ತು ಕೊಡ್ತೀನಿ ಅಂದ್ಕೊಂಡಿದ್ದೆ."

"ನೀನಾ?"

"ನಾನೇ."

ಮುಂದಿನ ಗೂಡಿನ ಬಳಿಯೂ ಮುತ್ತು, ಅದರ ಮುಂದಿನದರ ಬಳಿಯೂ ಮುತ್ತು. ತುಟಿಯೆಲ್ಲ ಪೆಟ್ರೋಲಾಯಿತು. ಹಿಂದೆ ಬರುತ್ತಿದ್ದವರು, ಇದು ಈ ವರ್ಷದ ಹೊಸ ಪದ್ಧತಿಯೇನೋ, ನಮಗೆ ಮಾತ್ರ ಯಾರೂ ಹೇಳಲಿಲ್ಲವೇನೋ ಎಂದು ಗಾಬರಿಯಾಗಿ ತಮ್ಮ ತಮ್ಮ ಟ್ಯಾಂಕಿಗೆ ಮುತ್ತಿಡತೊಡಗಿದರು. ಎರ್ಮಿನ್ಸುಲ್‌ನ ಸ್ಕೂಟರಿನ ಮುಚ್ಚಳ ಸೀಟಿನ ಕೆಳಗಿತ್ತು; ಪಾಪ, ಅವನು ಪ್ರತಿ ಸಲವೂ ಇಳಿದು, ಸೀಟೆತ್ತಿ, ತಲೆಯನ್ನು ಒಳಗೆ ತೂರಿಸಬೇಕಾಯಿತು. ಎವೆಲಿಯೊನಿಗೆ ಅಂದು ಸಿಕ್ಕ ಮೊದಲ ಸಂತೋಷ ಅದು.

ಆಮೇಲೆ ಗುಡ್ಡ ಬಂತು. ಗುಡ್ಡದ ಏರಿನಲ್ಲಿ ಯಾರೂ ನಿಲ್ಲುವಂತಿಲ್ಲ. ಏರಿನ ನಡುವೆ ನಿಂತ ಗಾಡಿಗೆ ಆ ವರ್ಷದ ತೀರ್ಥವಿಲ್ಲ, ಅಲ್ಲಿಂದಲೇ ವಾಪಸ್ಸು. ಅದು ಊರಿನ ಕಟ್ಟಳೆ. ಏರಿನಲ್ಲಿ ಎಂಜಿನ್ ಪೆಟ್ರೋಲ್ ಕುಡಿಯುವುದೂ ಹೆಚ್ಚು. ಅರ್ಧ ಗುಡ್ಡಕ್ಕೆ ಬರುವಷ್ಟರಲ್ಲಿ ಅದು ಒಂದು ಸಲ ಬಿಕ್ಕಿತು, ಇನ್ನೊಂದು ಸಲ ಬಿಕ್ಕಿತು. ಎವೆಲಿಯೊನ ಎಡಗೈ ಕ್ಲಚ್ಚಿನ ಮೇಲೆ, ಬಲಗೈ ಆಕ್ಸಿಲರೇಟರಿನ ಮೇಲೆ. ಮೂರನೆಯ ಕೈಯನ್ನು ದೇವರು ಕೊಟ್ಟಿರಲಿಲ್ಲ.

"ಅತ್ತೆ," ಎಂದು ಅವನು ಸದ್ದಿನ ನಡುವೆ ಅರಚಿದ, "ಬೈಬೇಡಿ! ನೀವು ಅಂಟಿಸಿದ ತಾಯಿ ಗಾಡಿ ಮೂಗಿನ ಮೇಲೆ ಕೂತಿದ್ದಾಳೆ! ಮುಚ್ಚಳದಲ್ಲಿ ಉಸಿರಾಡೋ ತೂತಿತ್ತು! ಅದಕ್ಕೇ ಇಷ್ಟು ದಿನ ನಿಲ್ತಾ ಇದ್ದದ್ದು!"

"ಹಾಗಾದ್ರೆ ಆ ಮುತ್ತುಗಳು?"

"ಗಾಳಿಗೆ ಅತ್ತೆ!"

"ಕಳ್ಳ ನನ್ಮಗನೇ!"

ಎಂಜಿನ್ ಮತ್ತೆ ಬಿಕ್ಕಿತು. ವೇಗ ಇಳಿಯಿತು. ಎರ್ಮಿನ್ಸುಲ್‌ನ ಸ್ಕೂಟರು ಪಕ್ಕಕ್ಕೇ ಬಂದು ಪೀಂ ಎಂದು ಹಾರ್ನ್ ಬಾರಿಸಿತು. ಎವೆಲಿಯೊ ಹಲ್ಲು ಕಚ್ಚಿದ. ಇನ್ನು ಗುಜರಿಯೇ ಗತಿ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಂದು ಮುದಿ ತೋಳು ಅವನ ಸೊಂಟವನ್ನು ಬಳಸಿತು. ಇನ್ನೊಂದೂ ಬಳಸಿತು. ಅತ್ತೆಯ ಹೆಲ್ಮೆಟ್ ಅವನ ಬೆನ್ನಿಗೆ ಢಿಕ್ಕಿ ಹೊಡೆದು ಅಲ್ಲೇ ಆನಿಕೊಂಡಿತು. ಸುಕ್ಕುಗಟ್ಟಿದ ಕೈಯೊಂದು ತಾಯಿಯನ್ನು ಒತ್ತಿ, ತಿರುಗಿಸಿ, ಕೂದಲೆಳೆಯಷ್ಟು ಮೇಲೆತ್ತಿ ಹಿಡಿಯಿತು.

ಸುಸ್ಸ್ ಎಂದಿತು ಟ್ಯಾಂಕು. ಗಾಡಿ ಕೆರಳಿ ಮುಂದೆ ನುಗ್ಗಿತು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ!"

"ಹಿಡಿದಿದ್ದೀನಿ, ನೀನು ದಾರಿ ನೋಡು! ಆ ಸ್ಕೂಟರಿನವನಿಗೆ ಹೊಗೆ ಕುಡಿಸು!"

ಅವರು ಗುಡ್ಡದ ನೆತ್ತಿ ಮುಟ್ಟಿದಾಗ ಇಬ್ಬರ ಬಟ್ಟೆಯೂ ಪೆಟ್ರೋಲಿನಿಂದ ತೊಯ್ದಿತ್ತು. ಪಾದ್ರಿಗಳು ಮೂಗು ಮುಚ್ಚಿಕೊಂಡು ತೀರ್ಥ ಎರಚಿದರು. ಎವೆಲಿಯೊ ಎಂಜಿನ್ ಆರಿಸಿದ. ಅತ್ತೆ ತಕ್ಷಣ ಕೈ ತೆಗೆಯಲಿಲ್ಲ. ಉಸಿರು ಹದಕ್ಕೆ ಬರುವ ತನಕ ಹಾಗೆಯೇ ಕೂತಿದ್ದಳು.

"ನಾಳೆ ಬಿಲ್ಲೆ ಬಿಡಿಸಿ ಹೆಡ್‌ಲೈಟ್ ಮೇಲೆ ಕೂರಿಸ್ತೀನಿ," ಎಂದ ಅವನು ಹಿಂದೆ ತಿರುಗದೆ. "ನಿಮಗೆ ಬೇಜಾರಿಲ್ಲ ಅಂದ್ರೆ. ಮುಂದಿನ ವರ್ಷ ನೀವು ಹತ್ತುವಾಗ ತಾಯಿ ಇರಬೇಕಲ್ಲ."

"ನಾನು ಹತ್ತೋದು ವರ್ಷಕ್ಕೊಂದು ಸಲ," ಎಂದಳು ಬೆತ್ಸಾಬೆ, ಹೆಲ್ಮೆಟ್ ಬಿಚ್ಚುತ್ತಾ. "ದಿನಾ ಹತ್ತೋನು ನೀನು. ಯಾರಿಗೋಸ್ಕರ ಅಂಟಿಸಿದೆ ಅಂದ್ಕೊಂಡಿದ್ದೀಯ, ದಡ್ಡ?"

ಪೆಟ್ರೋಲು ಕಣ್ಣಿಗೆ ಹೋಯಿತೆನ್ನುತ್ತಾ ಎವೆಲಿಯೊ ತೋಳಿನಲ್ಲಿ ಮುಖ ಒರೆಸಿಕೊಂಡ. ಅತ್ತೆ ನಂಬಿದವಳಂತೆ ತನ್ನ ಕರವಸ್ತ್ರವನ್ನು ಕೊಟ್ಟಳು.