ಕೆಂಪಿನ ಮೇಲೆ ಕೆಂಪು

ಎಪ್ಪತ್ನಾಲ್ಕನೇ ಇಸವಿಯಲ್ಲಿ ಜಲಜಾ ಗೋವಿಂದರಾಜನಗರದ ಬಾಡಿಗೆ ಮನೆಗೆ ಬಂದಾಗಿನಿಂದ ದಿನಾ ಸಂಜೆ ಕೃಷ್ಣಯ್ಯನವರು ಬಂದು ಬಾಗಿಲು ತಟ್ಟುತ್ತಿದ್ದರು. ಹಿಂದೆ ಆ ಮನೆಯಲ್ಲೇ ಬಾಡಿಗೆಗಿದ್ದವರು ಅವರು; ಬಿದ್ದು ತಲೆಗೆ ಪೆಟ್ಟಾದ ಮೇಲೆ, ಮನೆ ಬಿಟ್ಟಿದ್ದರೂ ಕಾಲು ಅಲ್ಲಿಗೇ ಎಳೆಯುತ್ತಿತ್ತು.

ಮನಶ್ಶಾಸ್ತ್ರ ಓದುತ್ತಿದ್ದ ಜಲಜಾ ಒಮ್ಮೆ ಅವರನ್ನು ಕೂರಿಸಿ, ಜೋಡಿಸಲು ಚಿತ್ರದ ಕಾರ್ಡುಗಳನ್ನು ಕೊಟ್ಟಳು. ಮೊದಲು ಬಣ್ಣ ಹೊಂದಿದಾಗ "ಸರಿ" ಎಂದಳು. ಆಮೇಲೆ ಹೇಳದೆಯೇ ನಿಯಮ ಬದಲಿಸಿ, ಆಕಾರ ಹೊಂದದಿದ್ದರೆ "ತಪ್ಪು" ಎನ್ನತೊಡಗಿದಳು. ಮನಸ್ಸು ಎಷ್ಟು ಬೇಗ ಹೊಸ ದಾರಿಗೆ ಹೊರಳುತ್ತದೆಂದು ಅಳೆಯುವುದು ಹೀಗೆ. ಎಷ್ಟು ಸಲ "ತಪ್ಪು" ಎಂದರೂ ಅವರು ಕೆಂಪಿನ ಮೇಲೆ ಕೆಂಪನ್ನೇ ಇಟ್ಟರು.

"ಬಣ್ಣ ಅಲ್ಲ ಅಂತ ಗೊತ್ತಮ್ಮ, ಕೈ ಕೇಳಲ್ಲ," ಎಂದರು. "ನನ್ನ ಹೆಂಡ್ತಿ ಸೀತಾ ತೀರ್ಕೊಂಡ್ಳು ಅಂತಾನೂ ಗೊತ್ತು."

ಹಾಗೆನ್ನುತ್ತಲೇ ಎದ್ದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಸೀತಾ, ಕಾಫಿ ಆಯ್ತೇನೇ?" ಎಂದು ಕತ್ತಲೊಳಕ್ಕೆ ಕರೆದರು. ಉತ್ತರಕ್ಕಾಗಿ ಅವರು ಕಾದರು. ಕಾರ್ಡುಗಳನ್ನು ಕೈಯಲ್ಲೇ ಹಿಡಿದು ಜಲಜಾಳೂ ಕಾದಳು.