ಮಾರೂ ಅಂದರೆ

“ಇಷ್ಟು ಚಿಕ್ಕ ಬಾಯಿಗೆ ಈ ಮಾತು ಎಲ್ಲಿಂದ ಬಂತಪ್ಪಾ?” ಎಂದು ಮಂದಾಕಿನಿ ಅಡುಗೆಮನೆಯ ಕಿಟಕಿಗೆ ಕೇಳಿದರು. ಆಚೆ ಅಡಾಜಣ್ ಬಡಾವಣೆಯ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿತ್ತು, ಅಷ್ಟೆ. ಅವರ ಸೊಂಟದ ಮೇಲೆ ಒಂದೂವರೆ ವರ್ಷದ ಆದರ್ಶ ಬಿಕ್ಕುತ್ತಿದ್ದ. ಕೈಮೇಲೆ ಅಕ್ಕನ ಹಲ್ಲಿನ ಗುರುತು ಕೆಂಪಗೆ ಎದ್ದಿತ್ತು.

ಮೂರು ವರ್ಷದ ಮೇದಿನಿಯದು ದಿನಾ ಇದೇ. ದೇವರ ಮುಂದಿನ ಪುಟ್ಟ ಗಂಟೆ ಅವಳ ಕೈಯಲ್ಲಿರುತ್ತದೆ. ತಮ್ಮ ಕೈ ಚಾಚುತ್ತಾನೆ. ಅವಳು “ಮಾರೂ, ಮಾರೂ” ಎಂದು ಕೂಗುತ್ತಾಳೆ. ಹೊಡೀಲಾ ಅಂತ ಹಿಂದಿಯಲ್ಲಿ ಹೆದರಿಸುತ್ತಿದ್ದಾಳೆಂದು ಮಂದಾಕಿನಿ ಓಡಿಹೋಗಿ ಗಂಟೆ ಕಿತ್ತು ಚಿಕ್ಕವನಿಗೆ ಕೊಡುತ್ತಾರೆ. ಆಗ ನಿಜವಾಗಿಯೂ ಹೊಡೆಯುತ್ತಾಳೆ, ಇಲ್ಲವೇ ಕಚ್ಚುತ್ತಾಳೆ.

ಸೊಸೆ ಅನುಷಾಳ ರಜೆ ಮುಗಿಯುತ್ತಿತ್ತು. ಸೋಮವಾರದಿಂದ ಬ್ಯಾಂಕಿಗೆ ಹೋಗಬೇಕು. “ಇವಳನ್ನ ಬೇಬಿ ಸಿಟ್ಟಿಂಗ್‌ನಲ್ಲೇ ಸಂಜೆವರೆಗೂ ಬಿಡೋಣ ಅತ್ತೆ. ಬೆಳಿಗ್ಗೆ ಹೇಗೂ ಹೋಗ್ತಾಳಲ್ಲ. ಇಬ್ಬರನ್ನೂ ಒಟ್ಟಿಗೆ ನೋಡ್ಕೊಳ್ಳೋಕೆ ನಿಮ್ಮ ಕೈಲಾಗಲ್ಲ” ಎಂದಿದ್ದಳು. ಮಂದಾಕಿನಿಗೆ ಮನಸ್ಸಿರಲಿಲ್ಲ. ಮಧ್ಯಾಹ್ನ ಅನ್ನ ಕಲಸುತ್ತಾ ಪದ್ಯ ಹೇಳಿದರೆ ಕೊನೆಯ ಪದಕ್ಕೆ ಬಾಯಿ ಸೇರಿಸುವವಳು ಮೇದಿನಿ. ಆ ಹೊತ್ತೇ ಹೋಗಿಬಿಟ್ಟರೆ?

ಎದುರು ಮನೆಯ ಹಂಸಾಬೆನ್ ಮೆಂತ್ಯದ ಥೇಪ್ಲಾ ಕೊಡಲು ಬಂದಾಗ ಮಂದಾಕಿನಿ ಆದರ್ಶನ ಕೈಮೇಲಿನ ಗುರುತು ತೋರಿಸಿದರು. “ದೇಖೋ ಬೆನ್. ರೋಜ್ ಮಾರೂ, ಮಾರೂ ಬೋಲ್ತಾ ಹೈ.”

ಹಂಸಾಬೆನ್ ನಕ್ಕರು. “ಅರೇ ಮಾಸಿ, ವೋ ಗುಜರಾತಿ ಬೋಲ್ತೀ ಹೈ. ಮಾರೂ ಮತಲಬ್ ಮೇರಾ. ತಾರೂ ಮತಲಬ್ ತೇರಾ.”

ನಂದು. ಇಷ್ಟು ದಿನ ಮಗು ಬೇಬಿ ಸಿಟ್ಟಿಂಗ್‌ನಲ್ಲಿ ಕಲಿತ ಮಾತಲ್ಲಿ ನಂದು, ನಂದು ಎಂದಿದೆ. ಅಜ್ಜಿ ಕಿತ್ತುಕೊಳ್ಳುತ್ತಲೇ ಇದ್ದಾಳೆ. ಪದ್ಯ ಕೇಳಿಯೇ ಬೆಳೆದ ಕಿವಿ ತನ್ನದು. ಒಂದು ಪದ ತಪ್ಪಿದರೆ ಅರ್ಥವೇ ಕೆಡುತ್ತದೆಂದು ಗೊತ್ತಿದ್ದ ಕಿವಿ. ಮಂದಾಕಿನಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಸಂಜೆ ದೀಪ ಹಚ್ಚಿದಾಗ ಆದರ್ಶ ಮತ್ತೆ ಗಂಟೆಗೆ ಕೈ ಹಾಕಿದ.

“ಮಾರೂ!” ಮೇದಿನಿಯ ಕೈ ಮೇಲೆದ್ದಿತು.

ಮಂದಾಕಿನಿ ಆ ಪುಟ್ಟ ಕೈಯನ್ನು ಮೆಲ್ಲಗೆ ಹಿಡಿದರು. “ಹಾ, ತಾರೂ. ನಿಂದೇ ಪುಟ್ಟಿ. ಹೊಡೆಯೋದು ಬೇಡ. ನೀನು ಬಾರ್ಸು, ಆಮೇಲೆ ತಮ್ಮ.”

ಮೇದಿನಿ ಅಜ್ಜಿಯ ಮುಖವನ್ನೇ ನೋಡಿದಳು. ಕೈ ಇಳಿಯಿತು. ಅಜ್ಜಿಯ ತೊಡೆಯ ಮೇಲೆ ಆದರ್ಶ ಮನೆ ಹಾರಿಹೋಗುವಂತೆ ಕಿರುಚಿದ. ಅದರ ನಡುವೆಯೇ ಆರತಿ ಮುಗಿಯಿತು. ಮೇದಿನಿ ಸಾಕಾಗುವಷ್ಟು ಬಾರಿಸಿದಳು. ಆಮೇಲೆ ಗಂಟೆಯನ್ನು ತಮ್ಮನ ಹೊಟ್ಟೆಗೆ ಒತ್ತಿ, “ತಾರೂ” ಎಂದಳು. ಕೊಟ್ಟದ್ದು ಸ್ವಲ್ಪ ಜೋರಾಗಿಯೇ.

ಬಾಗಿಲಲ್ಲಿ ನಿಂತಿದ್ದ ಅನುಷಾ ಹೇಳಿದಳು, “ಇವತ್ತೇನೋ ಆಯ್ತು. ಆದ್ರೂ ಸೋಮವಾರದಿಂದ ಇವಳನ್ನ ಸಂಜೆವರೆಗೂ ಅಲ್ಲೇ ಬಿಡೋಣ ಅತ್ತೆ. ಹೂಂ ಅನ್ನಿ.”

ಮಂದಾಕಿನಿ ಮೊಮ್ಮಗಳನ್ನು ಪಕ್ಕಕ್ಕೆ ಎಳೆದುಕೊಂಡರು.

“ಅನ್ನಲ್ಲ ಕಣಮ್ಮಾ. ಮಾರೂ.”