ಶುಕ್ರವಾರದ ಹಿಮ

ತೀರಿಕೊಂಡ ದೂಮಪ್ಪನ ಕಾಲಿನ ಹೆಬ್ಬೆರಳುಗಳಿಗೆ ದಾರ ಕಟ್ಟುತ್ತಿದ್ದ ಸಿಪ್ರಿಯನ್ ತಲೆ ಎತ್ತಿದಾಗ, ಆ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಎರಡು ಜಾಕೆಟ್ ಕಂಡವು. ಕೋಲ್ಡ್ ಸ್ಟೋರಿನ ದಪ್ಪ ನೀಲಿ ಜಾಕೆಟ್‌ಗಳು. ಒಬ್ಬರಿಗೆ ಕೊಡುವುದು ಒಂದೇ. ಸ್ಟಾಕಿನಲ್ಲಿ ಒಂದು ಕಮ್ಮಿ ಬಿದ್ದಾಗ ಬೈಸಿಕೊಂಡವನು ಅವನೇ.

ಕೊಲ್ಲಿ ನಾಡಿನ ಸೀಬ್ ಊರಿನ ಆ ಮೀನಿನ ಕೋಲ್ಡ್ ಸ್ಟೋರಿನಲ್ಲಿ ಹನ್ನೊಂದು ವರ್ಷ ಇಬ್ಬರೂ ಜೊತೆಗೆ ದುಡಿದಿದ್ದರು. ದೂಮಪ್ಪ ಮೆಷಿನ್ ನೋಡುವವ, ಸಿಪ್ರಿಯನ್ ಸ್ಟೋರ್‌ಕೀಪರ್. ಎಣ್ಣೆಯ ಬೆಲೆ ಬಿದ್ದು ಕಂಪನಿ ಜನ ಕಡಿಮೆ ಮಾಡುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಎಲ್ಲರೂ ಹೆಗಲು ಮುಟ್ಟಿಕೊಳ್ಳುತ್ತಿದ್ದ ದಿನಗಳು. ಆಗಲೇ ಕೋಣೆಯ ತಂಪನ್ನು ಗೆರೆಯಾಗಿ ಗೀರುವ ದುಂಡು ಚಾರ್ಟಿನಲ್ಲಿ ಪ್ರತಿ ಶುಕ್ರವಾರ ಹನ್ನೊಂದು ಗಂಟೆಗೆ ಒಂದು ಗೂನು ಕಂಡಿತು. ರಜೆಯ ದಿನ ಬಾಗಿಲು ತೆರೆದು ಯಾರೋ ಮೀನು ಸಾಗಿಸುತ್ತಿದ್ದಾರೆಂದು ಮ್ಯಾನೇಜರ್ ಸುಭಾಸ ತೀರ್ಮಾನಿಸಿದ. ಬೀಗದ ಕೈ ಇದ್ದದ್ದು ಇಬ್ಬರಲ್ಲಿ. ಮೆಷಿನ್ ನೋಡುವವನನ್ನು ಬಿಡಲಾಗದು, ಹಾಗಾಗಿ ಹೋದದ್ದು ಸಿಪ್ರಿಯನ್ನನ ಕೆಲಸ. ಕಂಪನಿಯ ಒಪ್ಪಿಗೆ ಪತ್ರ, ಎನ್‌ಒಸಿ, ಇಲ್ಲದೆ ಬೇರೆ ಕಫೀಲ್, ಅಂದರೆ ವೀಸಾ ಕೊಡುವ ಧಣಿ, ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಗುರುವಾರ ಊರಿಗೆ ಅವನ ವಿಮಾನ.

ಅವನು ದೂಮಪ್ಪನ ಹೆಂಡತಿ ವಿನೋದಾಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತ.

"ಅಕ್ಕ, ಈ ಹೊತ್ತಲ್ಲಿ ಕೇಳಬಾರ್ದು, ಗೊತ್ತುಂಟು. ಆದ್ರೆ ನನ್ನನ್ನು ಕಳ್ಳ ಅಂತ ಕಳಿಸ್ತಿದ್ದಾರೆ. ದೂಮಣ್ಣ ಮೀನು ಮಾರ್ತಿದ್ರಾ?"



*

ಕಾಶ್ಮೀರಕ್ಕೆಂದು ಎರಡು ಸಲ ಹೊರಟು, ಎರಡು ಸಲವೂ ರಜೆ ಸಿಗದೆ ದೂಮಪ್ಪ, ವಿನೋದಾ ಇಲ್ಲೇ ಉಳಿದಿದ್ದರು. "ನಿನಗೆ ಹಿಮ ಅಲ್ವಾ ಬೇಕಾದ್ದು? ಬಾ" ಎಂದು ಆಗಸ್ಟಿನ ಒಂದು ಶುಕ್ರವಾರ ದೂಮಪ್ಪ ಅವಳನ್ನು ಸ್ಟೋರಿಗೆ ಕರೆದೊಯ್ದ. ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಕೋಣೆ. ಬಾಗಿಲನ್ನು ತುಸು ತೆರೆದಿಟ್ಟ. ಕಡಲ ಕಡೆಯ ಒದ್ದೆ ಗಾಳಿ ಒಳನುಗ್ಗಿ ಮಂಜಾಯಿತು. ಮರುಗಳಿಗೆಗೆ ದೀಪದ ಕೆಳಗೆ ಸಣ್ಣ ಸಣ್ಣ ಹರಳುಗಳು ಮಿನುಗುತ್ತ, ಸದ್ದಿಲ್ಲದೆ ಇಳಿಯತೊಡಗಿದವು. ಅವಳ ರೆಪ್ಪೆಯ ಮೇಲೆ ಕೂತದ್ದನ್ನು ನೋಡಿ ದೂಮಪ್ಪ ನಕ್ಕ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳಿಗೆ ಅಷ್ಟು ಸುಖವೆನಿಸಿದ್ದು ಅಪರೂಪ. ಆಮೇಲೆ ವಾರವಾರವೂ ಹೋದರು. ಚಾರ್ಟು ಗೀರುತ್ತಲೇ ಇದೆ ಎಂಬುದನ್ನು, ಅದನ್ನು ದಿನವೂ ನೋಡುವ ಮನುಷ್ಯನೇ ಮರೆತಿದ್ದ.

ಸಿಪ್ರಿಯನ್ನನ ಕೆಲಸ ಹೋದ ಸುದ್ದಿ ಬಂದ ದಿನ, ಹೇಳಿಬಿಡಿ ಎಂದಳು ಅವಳು.

"ಹೇಳಿದ್ರೆ ನಾವೂ ಖಲಾಸ್. ಒಂದು ವಾರ ಹೋಗ್ಲಿ."

ಅವಳೂ ಒತ್ತಾಯಿಸಲಿಲ್ಲ. ವಾರ ತುಂಬುವ ಮೊದಲೇ ದೂಮಪ್ಪನ ಎದೆಬಡಿತ ನಿಂತಿತು.

*

ಆಂಬುಲೆನ್ಸಿನವ ಮೇಲೆ ಬಂದು ಯಲ್ಲಾ, ಹೊರಡಿ ಎಂದ. ಸ್ಮಶಾನ ಇದ್ದದ್ದು ದೂರದ ಸೊಹಾರಿನಲ್ಲಿ. ಸಿಪ್ರಿಯನ್ ಚಟ್ಟಕ್ಕೆ ಕೈ ಹಾಕಿದ್ದನ್ನು ಕಂಡು, ಶವ ನೋಡಲು ಬಂದಿದ್ದ ಸುಭಾಸ ಮುಖ ಸಿಂಡರಿಸಿದ.

"ಹೆಗಲು ಕೊಡಾಕ ಇವನೇ ಬೇಕಿತ್ತೇನ್ರಿ?"

ವಿನೋದಾ ಎದ್ದಳು. ಮೊಳೆಯಿಂದ ಎರಡನೆಯ ಜಾಕೆಟ್ ತೆಗೆದು, ಸೆಪ್ಟೆಂಬರಿನ ಸೆಕೆಯಲ್ಲಿ, ಅಷ್ಟೂ ಜನರ ನಡುವೆ ಸೀರೆಯ ಮೇಲೆ ತೊಟ್ಟು, ಕುತ್ತಿಗೆಯವರೆಗೆ ಜಿಪ್ ಎಳೆದಳು. ಸುಭಾಸನ ಎದುರು ಹೋಗಿ ನಿಂತಳು.

"ಶುಕ್ರವಾರ ಒಳಗಿದ್ದದ್ದು ನಾನು, ಸಾರ್. ಇವರು ಬಾಗಿಲು ತೆಗೆದದ್ದು ಮೀನಿಗಲ್ಲ, ನನಗೆ ಹಿಮ ತೋರಿಸ್ಲಿಕ್ಕೆ."

ಆಮೇಲೆ ಎರಡೂ ಕೈ ಮುಂದೆ ಚಾಚಿದಳು. ಜಾಕೆಟ್ಟಿನ ಉದ್ದದ ತೋಳುಗಳನ್ನು ಅವಳ ಮಣಿಕಟ್ಟಿನ ಅಳತೆಗೆ ಎರಡು ಮಡಿಕೆ ಮಡಚಿ, ಗಂಡಸಿನ ಕೈಯ ಒರಟು ಹೊಲಿಗೆಯಲ್ಲಿ, ಕಪ್ಪು ನೂಲು ಹಾಕಿತ್ತು.